ಎಮರ್ಜೆನ್ಸಿ ಸ್ಟಾಪ್ ಸುಮ್ನೆ ಬೀಳುತ್ತಿದೆಯಾ, ಬೀಳಬೇಕಾದಾಗ ಬೀಳುತ್ತಿಲ್ಲವಾ? ಸಿಎನ್‌ಸಿ ಸೆನ್ಸರ್ ಇನ್‌ಪುಟ್ ದೋಷ ಹುಡುಕುವ ಕೈಪಿಡಿ

ಹೋದ ಬೇಸಿಗೆಯಲ್ಲಿ ಕಲಬುರಗಿಯ ಕಪನೂರ ಕಡೆಯ ಒಂದು ಶೆಡ್‌ನಿಂದ ಫೋನ್ ಬಂತು. ಶಹಾಬಾದ್ ಕಲ್ಲಿನ ಮೇಲೆ ಹೆಸರು, ಡಿಸೈನ್ ಕೆತ್ತುವ ಸಿಎನ್‌ಸಿ ರೌಟರ್ (ಕಂಪ್ಯೂಟರ್ ಹೇಳಿದಂತೆ ಓಡುವ ಕೆತ್ತನೆ ಮಷೀನ್) ಅದು. "ಸರ್, ಮಷೀನ್ ಕೊನಿತನಕ ಹೋಗಿ ಬಡೀತ್ರಿ. ಹುಡುಗ ಕೆಂಪು ಬಟನ್ ಒತ್ತಿದ, ನಿಲ್ಲಲೇ ಇಲ್ಲ." ಟೂಲ್ ಮುರಿದಿತ್ತು, ಕಲ್ಲು ಎರಡು ಹೋಳಾಗಿತ್ತು. ಯಾರಿಗೂ ಏಟಾಗಿರಲಿಲ್ಲ.

ಪ್ಯಾನೆಲ್ ಬಾಗಿಲು ತೆಗೆದೆ. ಟರ್ಮಿನಲ್ ಸಾಲಿನಲ್ಲಿ ಎರಡು ಸ್ಕ್ರೂಗಳ ನಡುವೆ ಒಂದು ಬೆರಳುದ್ದದ ಕೆಂಪು ವೈರ್ ಇತ್ತು. ಒಂದು ತುದಿಗೆ ಲಗ್ ಕೂಡ ಹಾಕಿರಲಿಲ್ಲ, ಎಳೆಗಳು ಹೊರಗೆ ಇಣುಕುತ್ತಿದ್ದವು. ಮೇಲೆ ಕರಿ ಟೇಪ್, ಟೇಪಿನ ಮೇಲೆ ಬಿಳಿ ಕಲ್ಲಿನ ಧೂಳು. ಎಮರ್ಜೆನ್ಸಿ ಸ್ಟಾಪ್ ಬಟನ್ ಮತ್ತು ದಾರಿಯ ಕೊನೆಯಲ್ಲಿ ಮಷೀನ್ ನಿಲ್ಲಿಸುವ ಲಿಮಿಟ್ ಸ್ವಿಚ್‌ಗಳ ಇಡೀ ಸರಪಳಿಯನ್ನು ಆ ಒಂದು ತುಂಡು ವೈರ್ ಬೈಪಾಸ್ ಮಾಡಿತ್ತು. ಅದಕ್ಕೆ ಮುಂಚೆ ಮಷೀನ್ ದಿನಕ್ಕೆ ಎಂಟು ಹತ್ತು ಸಲ ಕಾರಣವಿಲ್ಲದೆ ನಿಲ್ಲುತ್ತಿತ್ತಂತೆ. ಆರ್ಡರ್ ಮುಗಿಸುವ ಅವಸರ. "ಇವತ್ತೊಂದಿನ ಇರಲಿ" ಅಂತ ಹಾಕಿದ ವೈರ್ ಎರಡು ತಿಂಗಳು ಹಾಗೇ ಉಳಿದಿತ್ತು.

ಸುಮ್ನೆ ನಿಲ್ಲುವ ಮಷೀನ್ ಕಿರಿಕಿರಿ, ನಿಜ. ಆದರೆ ನಿಲ್ಲಬೇಕಾದಾಗ ನಿಲ್ಲದ ಮಷೀನ್ ಕೈ ತೆಗೆಯುತ್ತದೆ. ಮೊದಲನೆಯ ತೊಂದರೆಯನ್ನು ಸರಿಯಾಗಿ ಹುಡುಕದೆ ಬಿಟ್ಟರೆ ಎರಡನೆಯದನ್ನು ನಾವೇ ಮಾಡಿಕೊಂಡಂತೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

## ಕೈ ಹಾಕುವ ಮುಂಚೆ

ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. ಊಟಕ್ಕೆ ಹೋದ ಆಪರೇಟರ್ ಬಂದು ಗೊತ್ತಿಲ್ಲದೆ ಆನ್ ಮಾಡಿಬಿಡಬಹುದು.

ಸ್ಪಿಂಡಲ್ (ಟೂಲ್ ತಿರುಗಿಸುವ ಭಾಗ) ಓಡಿಸುವ ಡ್ರೈವ್‌ನ ಕೆಪಾಸಿಟರ್‌ಗಳಲ್ಲಿ ಕರೆಂಟ್ ತೆಗೆದ ಮೇಲೂ ವೋಲ್ಟೇಜ್ ಉಳಿದಿರುತ್ತದೆ. ಸಿಂಗಲ್ ಫೇಸ್ 230 ವೋಲ್ಟ್ ಡ್ರೈವ್‌ನಲ್ಲಿ ಸುಮಾರು 325, ತ್ರೀ ಫೇಸ್ 415ರಲ್ಲಿ ಸುಮಾರು 585 ವೋಲ್ಟ್ ಡಿಸಿ. ಕನಿಷ್ಠ 5 ನಿಮಿಷ ಕಾಯಿರಿ. ಡ್ರೈವ್ ಮೇಲಿನ ಚೀಟಿಯಲ್ಲಿ ಅದಕ್ಕಿಂತ ಜಾಸ್ತಿ ಬರೆದಿದ್ದರೆ ಅಷ್ಟು ಕಾಯಿರಿ. ಆಮೇಲೂ ಮೀಟರ್ ಇಟ್ಟು ನೋಡಿಯೇ ಮುಟ್ಟಿ.

ಝಡ್ ಆಕ್ಸಿಸ್ (ಮೇಲೆ ಕೆಳಗೆ ಚಲಿಸುವ ಭಾಗ) ಕೆಳಗೆ ಒಂದು ಮರದ ದಿಮ್ಮಿ ಇಡಿ. ಮೋಟಾರ್ ಹಿಡಿತ ಬಿಟ್ಟ ತಕ್ಷಣ ಸ್ಪಿಂಡಲ್ ತನ್ನ ಭಾರಕ್ಕೇ ಕೆಳಗೆ ಜಾರಬಹುದು.

ಕೆಳಗೆ ಹೇಳುವ ಅಳತೆಗಳಲ್ಲಿ ಕೆಲವಕ್ಕೆ 24 ವೋಲ್ಟ್ ಆನ್ ಇರಬೇಕು. ಅದೇ ಪ್ಯಾನೆಲ್‌ನಲ್ಲಿ 230 ಅಥವಾ 415 ತೆರೆದಿದ್ದರೆ, ಆ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಇನ್ನೊಂದು ವಿಷಯ ತಲೆಯಲ್ಲಿರಲಿ. ಎಮರ್ಜೆನ್ಸಿ ಸರ್ಕ್ಯೂಟ್ ಯಾವಾಗಲೂ 'ನಾರ್ಮಲಿ ಕ್ಲೋಸ್ಡ್', ಅಂದರೆ ಎನ್‌ಸಿ ಆಗಿರಬೇಕು. 24 ವೋಲ್ಟ್ ಬಟನ್ ದಾಟಿ, ಲಿಮಿಟ್ ಸ್ವಿಚ್‌ಗಳನ್ನು ದಾಟಿ ಕಂಟ್ರೋಲರ್‌ಗೆ ವಾಪಸ್ ಬರುತ್ತಿದ್ದರೆ ಎಲ್ಲ ಸರಿ ಅಂತ ಅರ್ಥ. ಬಟನ್ ಒತ್ತಿದರೂ, ಸ್ಕ್ರೂ ಸಡಿಲಾದರೂ, ಹೆಗ್ಗಣ ವೈರ್ ಕಡಿದರೂ ಮಷೀನ್ ನಿಲ್ಲುತ್ತದೆ. ಇದನ್ನೇ ಎನ್‌ಓ, ಅಂದರೆ 'ನಾರ್ಮಲಿ ಓಪನ್' ಮಾಡಿ ಜೋಡಿಸಿದ್ದರೆ ಕಡಿದ ವೈರ್ ಯಾರಿಗೂ ಕಾಣುವುದಿಲ್ಲ. ಬಟನ್ ಸತ್ತಿರುತ್ತದೆ, ಸ್ಕ್ರೀನ್ ಮಾತ್ರ 'ರೆಡಿ' ಅನ್ನುತ್ತಿರುತ್ತದೆ.

## ಲಕ್ಷಣ: ಆನ್ ಮಾಡಿದರೆ ಎಮರ್ಜೆನ್ಸಿಯಿಂದ ಹೊರಗೇ ಬರುವುದಿಲ್ಲ

ಮೊದಲು ಬಟನ್‌ಗಳನ್ನು ಎಣಿಸಿ. ಮುಂದೊಂದು, ಹಿಂದೊಂದು, ಕೈಯಲ್ಲಿ ಹಿಡಿಯುವ ಪೆಂಡೆಂಟ್ ಮೇಲೊಂದು. ಹಿಂದಿನ ಬಟನ್ ಮೇಲೆ ಯಾರೋ ಫರ್ಸಿ ಕಲ್ಲು ಒರಗಿಸಿ ಇಟ್ಟಿದ್ದನ್ನು ನಾನೇ ನೋಡಿದ್ದೇನೆ. ಎಲ್ಲವನ್ನೂ ತಿರುಗಿಸಿ ಬಿಡಿಸಿ. ಕಲ್ಲಿನ ರಾಡಿ ಒಣಗಿ ಬಟನ್ ಕತ್ತಿನಲ್ಲಿ ಗಟ್ಟಿಯಾಗಿದ್ದರೆ ಅದು ಮೇಲೆ ಬಂದಂತೆ ಕಂಡರೂ ಪೂರ್ತಿ ಬಂದಿರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ನಾಲ್ಕು ಸಲ ಒತ್ತಿ ಬಿಡಿ. ಆಕ್ಸಿಸ್ ಯಾವುದಾದರೂ ಲಿಮಿಟ್ ಸ್ವಿಚ್ ಮೇಲೆ ಕೂತಿದೆಯಾ ಅಂತಲೂ ಕಣ್ಣಿಂದ ನೋಡಿ.

ಆಮೇಲೆ 24 ವೋಲ್ಟ್ ಪವರ್ ಸಪ್ಲೈ. ಅದರ ಹಸಿರು ದೀಪ ಉರಿಯುತ್ತಿದ್ದರೆ ಸಾಲದು, ಮೀಟರ್ ಇಟ್ಟು ಅಳೆಯಿರಿ. 24ರ ಆಸುಪಾಸು ಸಿಗಬೇಕು. ಪಿಎಲ್‌ಸಿ (ಮಷೀನ್ ನಿಯಂತ್ರಿಸುವ ಸಣ್ಣ ಕಂಪ್ಯೂಟರ್) ತರಹದ ಸಾಮಾನ್ಯ 24 ವೋಲ್ಟ್ ಇನ್‌ಪುಟ್ 15 ವೋಲ್ಟ್‌ಗಿಂತ ಮೇಲೆ ಆನ್, 5ಕ್ಕಿಂತ ಕೆಳಗೆ ಆಫ್ ಎಂದು ಓದುತ್ತದೆ. ನಡುವೆ ಸಿಕ್ಕಿದರೆ ಏನು ಓದುತ್ತದೋ ಭರವಸೆ ಇಲ್ಲ.

ಸಪ್ಲೈ ಸರಿ ಇದ್ದರೆ ಸರಪಳಿಯ ಉದ್ದಕ್ಕೂ ನಡೆಯಬೇಕು. ಮೀಟರಿನ ಕರಿ ಕಡ್ಡಿಯನ್ನು 0 ವೋಲ್ಟ್ ಟರ್ಮಿನಲ್ ಮೇಲೆ ಇಟ್ಟು ಅಲ್ಲೇ ಬಿಡಿ. ಕೆಂಪು ಕಡ್ಡಿಯನ್ನು ಸಪ್ಲೈ ಪ್ಲಸ್ ಮೇಲೆ ಇಡಿ: 24. ಬಟನ್‌ಗೆ ಹೋಗುವ ವೈರ್: 24. ಬಟನ್‌ನಿಂದ ವಾಪಸ್ ಬರುವ ವೈರ್: 24. ಎಕ್ಸ್ ಲಿಮಿಟ್ ದಾಟಿದ ಮೇಲೆ: 0. ದೋಷ ಸಿಕ್ಕಿತು, ಬಟನ್ ಮತ್ತು ಎಕ್ಸ್ ಲಿಮಿಟ್‌ನ ಹೊರ ತುದಿಯ ನಡುವೆ ಇದೆ. ಈ ಕೆಲಸಕ್ಕೆ ಹತ್ತು ನಿಮಿಷ ಸಾಕು. ಬೋರ್ಡ್ ಬದಲಿಸುವ ಮಾತು ಆಡುವ ಮುಂಚೆ ಇದನ್ನು ಮಾಡಿಯೇ ಮಾಡಿ.

ಕಂಟ್ರೋಲರ್ ಟರ್ಮಿನಲ್‌ವರೆಗೆ 24 ಬಂದರೂ ಸ್ಕ್ರೀನ್ ಒಪ್ಪುತ್ತಿಲ್ಲ ಎಂದರೆ ಆಗ ಸೆಟ್ಟಿಂಗ್ ನೋಡಿ. ಕಂಪ್ಯೂಟರ್‌ನಲ್ಲಿ ಓಡುವ ಕಂಟ್ರೋಲ್ ಸಾಫ್ಟ್‌ವೇರ್ ಮ್ಯಾಕ್3 ಆಗಿದ್ದರೆ ಅದರ 'ಪೋರ್ಟ್ಸ್ ಅಂಡ್ ಪಿನ್ಸ್' ಒಳಗೆ 'ಇನ್‌ಪುಟ್ ಸಿಗ್ನಲ್ಸ್' ಪುಟದಲ್ಲಿ ಇ-ಸ್ಟಾಪ್ ಸಾಲು ಇದೆ. ಪ್ಯಾರಲಲ್ ಪೋರ್ಟ್ ಬೋರ್ಡ್ ಆಗಿದ್ದರೆ ಇನ್‌ಪುಟ್‌ಗೆ ಸಿಗುವ ಪಿನ್‌ಗಳು 10, 11, 12, 13, 15 ಮಾತ್ರ. ವೈರ್ ಯಾವ ಪಿನ್‌ನಲ್ಲಿದೆಯೋ ಅದೇ ನಂಬರ್ ಅಲ್ಲಿರಬೇಕು. ಬಟನ್ ಒತ್ತಿ ಬಿಟ್ಟು ಮಾಡುತ್ತಾ 'ಡಯಾಗ್ನಾಸ್ಟಿಕ್ಸ್' ಪುಟದ ದೀಪ ನೋಡಿ. ದೀಪ ಬದಲಾಗುತ್ತಿದ್ದರೆ ವೈರಿಂಗ್ ಸರಿ ಇದೆ, ಅರ್ಥ ಮಾತ್ರ ಉಲ್ಟಾ ಆಗಿದೆ.

ಸಣ್ಣ ಕಂಟ್ರೋಲರ್ ಬೋರ್ಡ್‌ಗಳಲ್ಲಿ ಓಡುವ ಜಿಆರ್‌ಬಿಎಲ್ 1.1 ಆಗಿದ್ದರೆ ಪ್ರಶ್ನಾರ್ಥಕ ಚಿಹ್ನೆ ಕಳಿಸಿ. ಬರುವ ಉತ್ತರದಲ್ಲಿ 'ಪಿಎನ್' ಮುಂದೆ ಎಕ್ಸ್, ವೈ, ಝಡ್ ಇದ್ದರೆ ಲಿಮಿಟ್ ಬಿದ್ದಿದೆ. ಆರ್ ಇದ್ದರೆ ರೀಸೆಟ್, ಡಿ ಇದ್ದರೆ ಡೋರ್, ಎಚ್ ಇದ್ದರೆ ಹೋಲ್ಡ್. ಲಿಮಿಟ್‌ಗಳ ಅರ್ಥ ತಿರುಗಿಸುವುದು $5, ಹಾರ್ಡ್ ಲಿಮಿಟ್ ಚಾಲೂ ಮಾಡುವುದು $21. ಲಿಮಿಟ್ ಪಿನ್‌ನಿಂದ ಗ್ರೌಂಡ್‌ಗೆ ಎನ್‌ಸಿ ಸ್ವಿಚ್ ಜೋಡಿಸಿದ್ದರೆ $5 ಬೆಲೆ 1 ಇರಬೇಕು. ಇನ್ನೊಂದು ಎಚ್ಚರಿಕೆ: ಈ ಪಿನ್‌ಗಳು 5 ವೋಲ್ಟಿನವು. 24 ವೋಲ್ಟ್ ಸೆನ್ಸರ್ ವೈರ್ ನೇರ ತಂದು ಚುಚ್ಚಿದರೆ ಚಿಪ್ ಸುಟ್ಟುಹೋಗುತ್ತದೆ. ನಡುವೆ ಆಪ್ಟೋಕಪ್ಲರ್ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ) ಬೇಕೇ ಬೇಕು.

ಇಲ್ಲಿ ಒಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. ವೈರ್ ಕಡಿದಿದೆ, ಅಲಾರಂ ಹೋಗುತ್ತಿಲ್ಲ. ಯಾರೋ ಇನ್‌ಪುಟ್‌ನ ಅರ್ಥ ತಿರುಗಿಸುವ 'ಆ್ಯಕ್ಟಿವ್ ಲೋ' ಟಿಕ್ ಅನ್ನು ಉಲ್ಟಾ ಮಾಡುತ್ತಾರೆ. ಅಲಾರಂ ಮಾಯ! ಮಷೀನ್ ಓಡುತ್ತದೆ, ಎಲ್ಲರಿಗೂ ಖುಷಿ. ಆದರೆ ಈಗ ಕಂಟ್ರೋಲರ್ 'ಕಡಿದ ವೈರ್' ಅನ್ನೋದನ್ನೇ 'ಎಲ್ಲ ಸರಿ' ಅಂತ ಓದುತ್ತಿದೆ. ಪ್ಯಾನೆಲ್‌ನ ಕೆಂಪು ವೈರಿಗೂ ಇದಕ್ಕೂ ವ್ಯತ್ಯಾಸವಿಲ್ಲ. ವೈರ್ ಆದರೂ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದೂ ಇಲ್ಲ. ಹಾಗಾಗಿ ಸೆಟ್ಟಿಂಗ್ ಮುಟ್ಟಿದಾಗಲೆಲ್ಲ ಎರಡು ಪರೀಕ್ಷೆ ಮಾಡಿ. ಬಟನ್ ಒತ್ತಿ, ನಿಲ್ಲಬೇಕು. ಬಟನ್ ಬಿಡಿಸಿ, ಕರೆಂಟ್ ತೆಗೆದು ಟರ್ಮಿನಲ್‌ನಿಂದ ಒಂದು ವೈರ್ ಬಿಚ್ಚಿ, ಆನ್ ಮಾಡಿ, ಎಮರ್ಜೆನ್ಸಿಯಲ್ಲೇ ಉಳಿಯಬೇಕು. ಎರಡನೆಯದರಲ್ಲಿ ಹಾಗೆ ಉಳಿಯದಿದ್ದರೆ ಸೆಟ್ಟಿಂಗ್ ತಪ್ಪು, ಮಷೀನ್ ಎಷ್ಟೇ ಚೆನ್ನಾಗಿ ಓಡುತ್ತಿರಲಿ.

## ಲಕ್ಷಣ: ಕೆಲಸದ ನಡುವೆ ಕಾರಣವಿಲ್ಲದೆ ನಿಲ್ಲುತ್ತದೆ

ಬೈಪಾಸ್ ವೈರ್ ಹುಟ್ಟುವುದೇ ಈ ಲಕ್ಷಣದಿಂದ. ಇಲ್ಲಿ ತಾಳ್ಮೆ ಬೇಕು. ಆಪರೇಟರ್ ಜೊತೆ ಕೂತು ಮಾತಾಡಿ. ಯಾವಾಗ ನಿಲ್ಲುತ್ತದೆ? ಸ್ಪಿಂಡಲ್ ಶುರುವಾದಾಗಲಾ? ಮಧ್ಯಾಹ್ನ ಮಾತ್ರವಾ? ಯಾವ ಕೆಲಸದಲ್ಲಿ? ಒಂದು ವಾರ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದರೂ ಸಾಕು, ಅರ್ಧ ದೋಷ ಅಲ್ಲೇ ಸಿಗುತ್ತದೆ.

ಆ ಕಪನೂರ ಶೆಡ್‌ನಲ್ಲಿ ಆ ಬೈಪಾಸ್ ವೈರ್ ತೆಗೆದು ನಾನೂ ಇದನ್ನೇ ಕೇಳಿದೆ. ಹುಡುಗ ಸ್ವಲ್ಪ ಯೋಚಿಸಿ, "ಸಣ್ಣ ಬೋರ್ಡ್ ಕೆತ್ತುವಾಗ ಏನೂ ಆಗ್ತಿರಲಿಲ್ರೀ ಅಣ್ಣಾ, ದೊಡ್ಡ ಕಲ್ಲು ಇಟ್ರೆ ನಿಂತ್ಬಿಡ್ತಿತ್ತು" ಅಂದ. ದೊಡ್ಡ ಕಲ್ಲು ಅಂದರೆ ಗ್ಯಾಂಟ್ರಿ (ಸ್ಪಿಂಡಲ್ ಹೊತ್ತು ಸರಿಯುವ ಅಡ್ಡ ಚೌಕಟ್ಟು) ದೂರದ ತುದಿವರೆಗೆ ಹೋಗುತ್ತದೆ. ಮೀಟರನ್ನು ಇನ್‌ಪುಟ್ ಟರ್ಮಿನಲ್ ಮೇಲೆ ಇಟ್ಟು, ಸ್ಪಿಂಡಲ್ ಆಫ್ ಮಾಡಿ, ಗ್ಯಾಂಟ್ರಿಯನ್ನು ನಿಧಾನ ಸರಿಸಿದೆವು. 24, 24, 24. ಮುಕ್ಕಾಲು ದಾರಿ ಹೋದಾಗ ಒಂದು ಕ್ಷಣ 0, ಮತ್ತೆ 24. ವಾಪಸ್ ತಂದರೆ ಅದೇ ಜಾಗದಲ್ಲಿ ಮತ್ತೆ 0. ಡ್ರ್ಯಾಗ್ ಚೈನ್ (ಸರಿಯುವ ಭಾಗದ ವೈರ್‌ಗಳನ್ನು ಹೊತ್ತ ಸರಪಳಿ) ಬಿಚ್ಚಿ ವೈರ್ ಹೊರಗೆ ತೆಗೆದೆ. ಮೇಲಿನ ಪ್ಲಾಸ್ಟಿಕ್‌ಗೆ ಒಂದು ಗೀರೂ ಇಲ್ಲ. ಬೆರಳಲ್ಲಿ ಹಿಡಿದು ಮಡಚುತ್ತಾ ಹೋದರೆ ಒಂದು ಕಡೆ ಮಾತ್ರ ಮೆತ್ತಗೆ, ಒಳಗೆ ಮೂಳೆ ಇಲ್ಲದ ಹಾಗೆ ಬಾಗಿತು. ಅಲ್ಲಿ ತಾಮ್ರ ತುಂಡಾಗಿತ್ತು. ಮನೆ ವೈರಿಂಗ್‌ಗೆ ಬಳಸುವ ವೈರನ್ನೇ ಚೈನ್ ಒಳಗೆ ಎಳೆದಿದ್ದರು. ಸದಾ ಬಾಗುವ ಜಾಗಕ್ಕೆ ಸಣ್ಣ ಎಳೆಗಳ ಫ್ಲೆಕ್ಸಿಬಲ್ ಕೇಬಲ್ ಬೇಕು. ತುಂಡಾದ ಜಾಗಕ್ಕೆ ಗಂಟು ಹಾಕಿ ಟೇಪ್ ಸುತ್ತಬೇಡಿ, ಇಡೀ ಕೇಬಲ್ ಬದಲಿಸಿ.

ನಿಲ್ಲುವುದು ಜಾಗಕ್ಕೆ ಸಂಬಂಧವಿಲ್ಲದೆ, ಸ್ಪಿಂಡಲ್ ಶುರುವಾದಾಗ ಅಥವಾ ಪಂಪ್ ಆನ್ ಆದಾಗ ಆಗುತ್ತಿದ್ದರೆ ಅದು ನಾಯ್ಸ್, ಅಂದರೆ ಬೇರೆ ವೈರ್‌ನಿಂದ ನುಸುಳುವ ವಿದ್ಯುತ್ ಗದ್ದಲ. ಅದೇ ಪ್ರೋಗ್ರಾಂ ಅನ್ನು ಸ್ಪಿಂಡಲ್ ಆಫ್ ಇಟ್ಟು ಗಾಳಿಯಲ್ಲಿ ಓಡಿಸಿ. ನಿಲ್ಲದಿದ್ದರೆ ಅನುಮಾನ ಖಚಿತ. ಮೊದಲು ಖರ್ಚಿಲ್ಲದ ಕೆಲಸ ಮಾಡಿ. ಸೆನ್ಸರ್ ವೈರ್ ಮತ್ತು ಸ್ಪಿಂಡಲ್ ಕೇಬಲ್ ಒಂದೇ ಕಟ್ಟಿನಲ್ಲಿದ್ದರೆ ಬಿಡಿಸಿ, ಸಾಧ್ಯವಾದಷ್ಟು ದೂರ ಮಾಡಿ. ಒಂದನ್ನೊಂದು ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ, ಜೊತೆಜೊತೆಗೆ ಓಡಬಾರದು. ಅರ್ಥಿಂಗ್ ಸ್ಕ್ರೂಗಳನ್ನು ಬಿಗಿ ಮಾಡಿ. ಅರ್ಥ್ ವೈರ್ ಬಣ್ಣ ಬಳಿದ ಕಬ್ಬಿಣದ ಮೇಲೆ ಕೂತಿದ್ದರೆ ಬಣ್ಣ ಕೆರೆದು ಕೂರಿಸಿ.

ಆಮೇಲೆ ಸ್ವಲ್ಪ ಖರ್ಚು. ಸೆನ್ಸರ್‌ಗಳಿಗೆ ಶೀಲ್ಡ್ ಕೇಬಲ್ ಹಾಕಿ, ಶೀಲ್ಡನ್ನು ಪ್ಯಾನೆಲ್ ಕಡೆ ಅರ್ಥ್ ಮಾಡಿ. 24 ವೋಲ್ಟ್ ಡಿಸಿ ರಿಲೇ ಕಾಯಿಲ್‌ಗಳಿಗೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕಿ. ಗೆರೆ ಇರುವ ತುದಿ ಪ್ಲಸ್ ಕಡೆ ಇರಲಿ, ಉಲ್ಟಾ ಹಾಕಿದರೆ ಶಾರ್ಟ್ ಆಗುತ್ತದೆ. ಎಸಿ ಕಾಯಿಲ್ ಇರುವ ಕಾಂಟ್ಯಾಕ್ಟರ್‌ಗೆ (ದೊಡ್ಡ ಕರೆಂಟ್ ಕಡಿಯುವ ರಿಲೇ) ಡಯೋಡ್ ಅಲ್ಲ, ಆರ್‌ಸಿ ಸ್ನಬರ್ (ರೆಸಿಸ್ಟರ್, ಕೆಪಾಸಿಟರ್ ಜೋಡಿ).

ಸಾಫ್ಟ್‌ವೇರ್‌ನ 'ಡಿಬೌನ್ಸ್' ಸಮಯ (ಸಿಗ್ನಲ್ ಇಷ್ಟು ಹೊತ್ತು ನಿಂತರೆ ಮಾತ್ರ ನಂಬು ಎನ್ನುವ ಸೆಟ್ಟಿಂಗ್) ಹೆಚ್ಚಿಸುವುದು ಕೊನೆಯ ಉಪಾಯ, ಅದೂ ಲಿಮಿಟ್‌ಗಳಿಗೆ ಮಾತ್ರ. ಲೆಕ್ಕ ಹಾಕಿ ನೋಡಿ. ಆಕ್ಸಿಸ್ ನಿಮಿಷಕ್ಕೆ 6000 ಮಿಲಿಮೀಟರ್ ಓಡುತ್ತಿದ್ದರೆ ಸೆಕೆಂಡಿಗೆ 100 ಮಿಲಿಮೀಟರ್. ನೀವು 50 ಮಿಲಿಸೆಕೆಂಡ್ ಡಿಬೌನ್ಸ್ ಇಟ್ಟರೆ, ಲಿಮಿಟ್ ಬಿದ್ದದ್ದು ಕಂಟ್ರೋಲರ್‌ಗೆ ಗೊತ್ತಾಗುವಷ್ಟರಲ್ಲೇ ಆಕ್ಸಿಸ್ 5 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ನಿಲ್ಲಲು ಬೇಕಾದ ದೂರ ಬೇರೆ. ಕೆಲವು ಮಿಲಿಸೆಕೆಂಡ್ ಸಾಕಾಗದೆ ಇನ್ನೂ ಜಾಸ್ತಿ ಬೇಕಾಗುತ್ತಿದ್ದರೆ ದೋಷ ವೈರಿಂಗ್‌ನಲ್ಲೇ ಇದೆ.

ಮಧ್ಯಾಹ್ನ ಮಾತ್ರ ನಿಲ್ಲುತ್ತದೆಯಾ? ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ ಒಳಗೆ, ಅದರೊಳಗಿನ ಮುಚ್ಚಿದ ಪ್ಯಾನೆಲ್‌ನಲ್ಲಿ ಇನ್ನೂ ಜಾಸ್ತಿ. ಪ್ಯಾನೆಲ್ ಫ್ಯಾನ್ ತಿರುಗುತ್ತಿದೆಯಾ, ಜಾಳಿಗೆಯಲ್ಲಿ ಧೂಳು ಕಟ್ಟಿದೆಯಾ ನೋಡಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ 3ಕ್ಕೆ ಒಮ್ಮೆ 24 ವೋಲ್ಟ್ ಅಳೆದು ಬರೆದಿಡಿ. ಬಿಸಿಯಲ್ಲಿ ಅದು ಇಳಿಯುತ್ತಿದ್ದರೆ ಪವರ್ ಸಪ್ಲೈ ಬದಲಿಸಿ. ಗಾಳಿ ಬರಲಿ ಅಂತ ಬಾಗಿಲು ತೆರೆದಿಟ್ಟು ಓಡಿಸಬೇಡಿ. ಕಲ್ಲಿನ ಧೂಳು ಒಳಗೆ ಹೋಗುತ್ತದೆ, ಯಾರದಾದರೂ ಕೈಯೂ ಹೋಗಬಹುದು.

## ಲಕ್ಷಣ: ಲಿಮಿಟ್ ಸೆನ್ಸರ್ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ

ಸೆನ್ಸರ್ ಮುಖ ಒರೆಸಿ. ಕಬ್ಬಿಣ ಕೊರೆಯುವ ಮಷೀನ್ ಆಗಿದ್ದರೆ ಒಂದು ಸಣ್ಣ ಚೂರು ಮುಖಕ್ಕೆ ಅಂಟಿಕೊಂಡು ಸೆನ್ಸರನ್ನು ಸದಾ ಆನ್ ಇಟ್ಟಿರಬಹುದು. ಕಲ್ಲಿನ ರಾಡಿ ಹಾಗೆ ಮಾಡುವುದಿಲ್ಲ, ಆದರೆ ದಪ್ಪಗೆ ಕಟ್ಟಿಕೊಂಡು ಅಂತರ ಕೆಡಿಸುತ್ತದೆ, ಬ್ರಾಕೆಟ್ ತಳ್ಳುತ್ತದೆ.

ಆಮೇಲೆ ಅಂತರ. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ 12 ಮಿಲಿಮೀಟರ್ ದಪ್ಪದ ಪ್ರಾಕ್ಸಿಮಿಟಿ ಸೆನ್ಸರ್ (ಮುಟ್ಟದೆ ಲೋಹ ಗುರುತಿಸುವ ಸೆನ್ಸರ್) ಮೇಲೆ 4 ಮಿಲಿಮೀಟರ್ ಅಂತ ಬರೆದಿದ್ದರೆ ಅದು ಕಬ್ಬಿಣಕ್ಕೆ ಹೇಳಿದ ಮಾತು. ಎದುರಿಗೆ ಅಲ್ಯೂಮಿನಿಯಂ ಇದ್ದರೆ ಅದರ ಅರ್ಧಕ್ಕಿಂತ ಕಡಿಮೆ ದೂರದಲ್ಲಿ ಮಾತ್ರ ಹಿಡಿಯುತ್ತದೆ. ರೌಟರ್‌ಗಳಲ್ಲಿ ಬ್ರಾಕೆಟ್ ಅಲ್ಯೂಮಿನಿಯಂನದ್ದೇ ಜಾಸ್ತಿ, ಅಲ್ವಾ? ಅದರ ಮೇಲೆ ಒಂದು ಕಬ್ಬಿಣದ ಬೋಲ್ಟ್ ತಲೆ ಅಥವಾ ಪಟ್ಟಿ ಕೂರಿಸಿ, 2 ಮಿಲಿಮೀಟರ್ ಅಂತರಕ್ಕೆ ಹೊಂದಿಸಿ.

ಸೆನ್ಸರ್ ಹಿಂದಿನ ಕೆಂಪು ದೀಪ ಹತ್ತುತ್ತದೆ, ಕಂಟ್ರೋಲರ್‌ಗೆ ಗೊತ್ತಾಗುವುದಿಲ್ಲ ಎಂದರೆ ಎನ್‌ಪಿಎನ್, ಪಿಎನ್‌ಪಿ ಎಂಬ ಎರಡು ಬಗೆಯ ಸೆನ್ಸರ್ ಅದಲುಬದಲಾಗಿರಬಹುದು. ಕಂದು ವೈರ್ ಪ್ಲಸ್, ನೀಲಿ 0 ವೋಲ್ಟ್, ಕಪ್ಪು ಸಿಗ್ನಲ್. ದೀಪ ಹತ್ತಿದಾಗ ಕಪ್ಪು ವೈರ್ 0 ಹತ್ತಿರ ಇಳಿದರೆ ಎನ್‌ಪಿಎನ್, 24 ಹತ್ತಿರ ಏರಿದರೆ ಪಿಎನ್‌ಪಿ. ಕಂಟ್ರೋಲರ್ ಯಾವುದನ್ನು ಕೇಳುತ್ತದೋ ಅದನ್ನೇ ಕೊಂಡು ತನ್ನಿ. ಕೊಳ್ಳುವಾಗ ಎಲ್‌ಜೆ12ಎ3 ಮಾದರಿಯ ಹೆಸರಿನ ಕೊನೆ ಎರಡಕ್ಷರ ಓದಿ: ಬಿಎಕ್ಸ್ ಎಂದರೆ ಎನ್‌ಪಿಎನ್ ಎನ್‌ಓ, ಎಎಕ್ಸ್ ಎಂದರೆ ಎನ್‌ಪಿಎನ್ ಎನ್‌ಸಿ, ಬಿವೈ ಮತ್ತು ಎವೈ ಪಿಎನ್‌ಪಿ. ಲಿಮಿಟ್‌ಗೆ ಎನ್‌ಸಿ ಇರುವುದನ್ನೇ ತೆಗೆದುಕೊಳ್ಳಿ.

ಈ ಸಾಮಾನ್ಯ ಪ್ರಾಕ್ಸಿಮಿಟಿ ಸೆನ್ಸರ್ ಮಷೀನನ್ನು ಕಾಪಾಡಲು ಸಾಕು, ಮನುಷ್ಯನನ್ನು ಕಾಪಾಡಲು ಸಾಲದು. ಒಳಗಿನ ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಸತ್ತರೆ ಸದಾ 'ಸರಿ' ಅನ್ನುತ್ತಲೇ ಇರಬಹುದು. ಬಾಗಿಲು ತೆರೆದರೆ ಮಷೀನ್ ನಿಲ್ಲಬೇಕು ಎನ್ನುವ ಜಾಗಕ್ಕೆ ಸೇಫ್ಟಿ ಸ್ವಿಚ್ ಅಂತಲೇ ಮಾಡಿದ್ದನ್ನು ಹಾಕಿ.

## ಲಕ್ಷಣ: ಬಟನ್ ಒತ್ತಿದರೂ ಸ್ಪಿಂಡಲ್ ತಿರುಗುತ್ತಲೇ ಇದೆ

ಮೇನ್ ಸ್ವಿಚ್ ಆಫ್ ಮಾಡಿ. ಇವತ್ತಿನ ಕೆಲಸ ಇಲ್ಲಿಗೇ ನಿಲ್ಲಲಿ. ಆರ್ಡರ್ ಯಾರದೇ ಇರಲಿ.

ಕರೆಂಟ್ ತೆಗೆದ ಮೇಲೆ ಬಟನ್ ಹಿಂಭಾಗ ನೋಡಿ. ಕೆಂಪು ತಲೆ ಹೊರಗಿರುತ್ತದೆ, ಕಾಂಟ್ಯಾಕ್ಟ್ ಬ್ಲಾಕ್ ಪ್ಯಾನೆಲ್ ಒಳಗೆ ಅದಕ್ಕೆ ಕಚ್ಚಿಕೊಂಡಿರುತ್ತದೆ. ನಡುಕಕ್ಕೆ ಆ ಬ್ಲಾಕ್ ಕಳಚಿ ವೈರ್ ಮೇಲೆ ಜೋತುಬಿದ್ದಿದ್ದರೆ, ತಲೆಯನ್ನು ಎಷ್ಟು ಒತ್ತಿದರೂ ಕಾಂಟ್ಯಾಕ್ಟ್ ತೆರೆಯುವುದಿಲ್ಲ. ಸರ್ಕ್ಯೂಟ್ ಕ್ಲೋಸ್ ಆಗಿಯೇ ಇರುವುದರಿಂದ ಕಂಟ್ರೋಲರ್‌ಗೂ ಗೊತ್ತಾಗುವುದಿಲ್ಲ. ಬ್ಲಾಕ್ ಕಳಚಿದರೆ ತಾನಾಗಿ ತೆರೆದುಕೊಳ್ಳುವ ಬಟನ್‌ಗಳು ಸಿಗುತ್ತವೆ, ಬದಲಿಸುವಾಗ ಅದನ್ನೇ ಕೇಳಿ.

ಬಟನ್ ಸರಿ ಇದ್ದು, ಸ್ಕ್ರೀನ್ 'ಎಮರ್ಜೆನ್ಸಿ' ಅಂದರೂ ಸ್ಪಿಂಡಲ್ ಓಡುತ್ತಿತ್ತು ಎಂದರೆ ಬಟನ್ ಸಾಫ್ಟ್‌ವೇರ್‌ಗೆ ಮಾತ್ರ ಹೋಗಿದೆ. ಕಂಪ್ಯೂಟರ್ ಹ್ಯಾಂಗ್ ಆದರೆ ಆ ಬಟನ್‌ಗೆ ಬೆಲೆಯೇ ಇಲ್ಲ. ಐಇಸಿ 60204-1 ಮತ್ತು ಐಎಸ್‌ಓ 13850 ನಿಯಮಗಳ ಪ್ರಕಾರ ಎಮರ್ಜೆನ್ಸಿ ಸ್ಟಾಪ್ ಎರಡೇ ಬಗೆ. ಒಂದು, ತಕ್ಷಣ ಪವರ್ ಕಡಿತ. ಇನ್ನೊಂದು, ಬ್ರೇಕ್ ಹಾಕಿ ನಿಲ್ಲಿಸಿ ಆಮೇಲೆ ಪವರ್ ಕಡಿತ. ಎರಡರಲ್ಲೂ ಪವರ್ ಹೋಗಲೇಬೇಕು. ಬಟನ್ ಸೇಫ್ಟಿ ರಿಲೇಗೆ, ರಿಲೇ ಕಾಂಟ್ಯಾಕ್ಟರ್‌ಗೆ ಅಥವಾ ಡ್ರೈವ್‌ನ 'ಸೇಫ್ ಟಾರ್ಕ್ ಆಫ್' (ಮೋಟಾರ್‌ಗೆ ಶಕ್ತಿ ಕೊಡುವುದನ್ನು ನಿಲ್ಲಿಸುವ) ಇನ್‌ಪುಟ್‌ಗೆ ಹೋಗಬೇಕು. ಕಂಟ್ರೋಲರ್‌ಗೆ ಹೋಗುವ ವೈರ್ ಬರೀ ಸುದ್ದಿ ಮುಟ್ಟಿಸಲು. ಇದನ್ನು ಮಾಡಲು ಗೊತ್ತಿರುವವರನ್ನೇ ಕರೆಸಿ. ಕಾಂಟ್ಯಾಕ್ಟರ್ ಬಿಂದುಗಳು ಸುಟ್ಟು ಅಂಟಿಕೊಂಡಿದ್ದರೂ ಇದೇ ಲಕ್ಷಣ ಕಾಣುತ್ತದೆ. ಅಂಟಿದ್ದನ್ನು ಬಿಡಿಸಿ ಮತ್ತೆ ಬಳಸಬೇಡಿ, ಹೊಸದು ಹಾಕಿ.

## ಲಕ್ಷಣ: ಬಟನ್ ಬಿಡಿಸಿದ ಕೂಡಲೇ ಮಷೀನ್ ತಾನೇ ಚಾಲೂ ಆಗುತ್ತದೆ

ಬಟನ್ ಬಿಡಿಸುವುದು ಅನುಮತಿ ಮಾತ್ರ, ಆಜ್ಞೆ ಅಲ್ಲ. ಬಿಡಿಸಿದ ಮೇಲೆ ಬೇರೆ ರೀಸೆಟ್ ಒತ್ತಬೇಕು, ಆಮೇಲೆ ಸ್ಟಾರ್ಟ್. ತಾನೇ ಚಾಲೂ ಆಗುತ್ತಿದ್ದರೆ ಸರ್ಕ್ಯೂಟ್‌ನಲ್ಲಿ ಹಿಡಿದಿಡುವ ರಿಲೇ ಇಲ್ಲ, ಅಥವಾ ಸೇಫ್ಟಿ ರಿಲೇಯನ್ನು ಆಟೋ ರೀಸೆಟ್‌ಗೆ ಜೋಡಿಸಿದ್ದಾರೆ. ಟೂಲ್ ಬಿಡಿಸಲು ಕೈ ಒಳಗಿಟ್ಟವನಿಗೆ ಇದು ತುಂಬಾ ಅಪಾಯ. ಸರಿ ಮಾಡಿಸುವವರೆಗೆ ಓಡಿಸಬೇಡಿ.

## ಲಕ್ಷಣ: ದೊಡ್ಡ ವಿಎಂಸಿಯಲ್ಲಿ (ಲೋಹ ಕೊರೆಯುವ ಸಿಎನ್‌ಸಿ ಮಷೀನ್) 'ಇಎಂಜಿ' (ಎಮರ್ಜೆನ್ಸಿ) ಮಿನುಗುತ್ತಲೇ ಇದೆ

ಬೀದರಿನ ಕೊಳಾರ ಕಡೆ ಇರಲಿ, ಯಾದಗಿರಿಯಲ್ಲಿರಲಿ, ಫ್ಯಾನಕ್ ಕಂಟ್ರೋಲ್ ಇದ್ದರೆ ಪಿಎಂಸಿ (ಕಂಟ್ರೋಲ್ ಒಳಗಿನ ಪಿಎಲ್‌ಸಿ) ಪುಟದಲ್ಲಿ ಎಕ್ಸ್8.4 ಎಂಬ ಇನ್‌ಪುಟ್ ನೋಡಿ. ಅದು 0 ಇದ್ದರೆ ಹೊರಗಿನ ಸರಪಳಿ ಎಲ್ಲೋ ತೆರೆದಿದೆ, ಮೇಲೆ ಹೇಳಿದ ಹಾಗೆ ಮೀಟರ್ ಹಿಡಿದು ನಡೆಯಿರಿ. ಅದು 1 ಇದ್ದು ಜಿ8.4 ಮಾತ್ರ 0 ಇದ್ದರೆ ಪಿಎಂಸಿಯ ಲ್ಯಾಡರ್ ಪ್ರೋಗ್ರಾಂ ಬೇರೆ ಯಾವುದೋ ಕಾರಣಕ್ಕೆ ತಡೆದಿದೆ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಮಷೀನ್ ಕಂಪನಿಯ ಸರ್ವಿಸ್‌ನವರಿಗೆ ಈ ಎರಡು ಅಂಕಿ ಹೇಳಿ. ಸೀಮೆನ್ಸ್ ಇದ್ದರೆ ಅಲಾರಂ 3000 ಕಾಣುತ್ತದೆ, ದೋಷ ಹುಡುಕಲು ಶುರು ಮಾಡುವ ದಾರಿ ಅದೇ. ಲ್ಯಾಡರ್ ತಿದ್ದಿ ಅಲಾರಂ ಓಡಿಸಲು ಹೋಗಬೇಡಿ.

## ರಿಪೇರಿ ಆದ ಮೇಲೆ

ಸ್ಪಿಂಡಲ್‌ನಲ್ಲಿ ಟೂಲ್ ಇರಬಾರದು. ಕಡಿಮೆ ಸ್ಪೀಡಿನಲ್ಲಿ ತಿರುಗಿಸಿ, ಒಂದೊಂದೇ ಬಟನ್ ಒತ್ತಿ ನೋಡಿ, ಎಲ್ಲದಕ್ಕೂ ನಿಲ್ಲಬೇಕು. ಆಕ್ಸಿಸ್ ನಿಧಾನ ಸರಿಸುತ್ತಾ ಪ್ರತಿ ಲಿಮಿಟ್ ಸೆನ್ಸರ್ ಮುಂದೆ ಒಂದು ಸ್ಪ್ಯಾನರ್ ಹಿಡಿಯಿರಿ, ಕೈ ದೂರ ಇರಲಿ. ಆಮೇಲೆ ವೈರ್ ಬಿಚ್ಚುವ ಪರೀಕ್ಷೆ: ಕರೆಂಟ್ ತೆಗೆದು ವೈರ್ ಬಿಚ್ಚಿ, ಆನ್ ಮಾಡಿ, ಎಮರ್ಜೆನ್ಸಿಯಲ್ಲೇ ಉಳಿಯಬೇಕು. ಬಟನ್ ಪರೀಕ್ಷೆ ವಾರಕ್ಕೊಮ್ಮೆ, ವೈರ್ ಪರೀಕ್ಷೆ ಪ್ಯಾನೆಲ್ ತೆರೆದಾಗಲೆಲ್ಲ ಮಾಡುವುದು ನನ್ನ ಪದ್ಧತಿ.

ಆ ಶೆಡ್‌ನಲ್ಲಿ ಹೊಸ ಕೇಬಲ್ ಎಳೆದು ಮುಗಿಸುವಾಗ ಸಂಜೆ ಆಗಿತ್ತು. ಮಾಲಕರು ಆ ಕೆಂಪು ವೈರ್ ತುಂಡನ್ನು ಎಸೆಯಲು ಬಿಡಲಿಲ್ಲ. ಪ್ಯಾನೆಲ್ ಬಾಗಿಲಿನ ಒಳಗಡೆ ಟೇಪ್ ಹಾಕಿ ಅಂಟಿಸಿ, ಪಕ್ಕದಲ್ಲಿ ಅವತ್ತಿನ ತಾರೀಕು ಬರೆದರು. ಆಮೇಲೆ ಹುಡುಗನನ್ನು ಕರೆದು, ಸ್ಪಿಂಡಲ್ ಚಾಲೂ ಮಾಡಿಸಿ, "ಈಗ ಒತ್ತಪಾ" ಅಂದರು. ಅವನು ಒತ್ತಿದ. ಕಾಂಟ್ಯಾಕ್ಟರ್ ಟಪ್ ಅಂತ ಬಿತ್ತು, ಸ್ಪಿಂಡಲ್ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು. ಅವನು ಇನ್ನೆರಡು ಸಲ ಒತ್ತಿ ನೋಡಿದ.